ಐದು ಗಂಟೆಗೆ ಗಡಿಯಾರದ ಕೆಳಗೆ: ಒಂಬತ್ತನೇ ಕಂತು

“ಹಾಗಾದರೆ ಈ ಗಾಜು ಒಡೆದದ್ದು ಮೊನ್ನೆ ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ?”

“ಸತ್ಯಮಾ ಸಾರ್! ಏರ್ ಬ್ಲಾಸ್ಟು. ಗಣಿ ಒಳಗೆ ಬಂಡೆ ಸಿಡಿದ್ರೆ ಮೇಲೆ ಗಾಜು ತಡೀತದಾ? ಬರೆದು, ಸೈನ್ ಹಾಕಿ, ಕಮಿಟಿಗೆ ಕೊಟ್ಟಾಯ್ತು. ಸೋಮವಾರ ಬೆಳಿಗ್ಗೆ ಆರಕ್ಕೆ ಗೋಪುರ ಕೆಡವೋದು. ಮುಡಿಂಜುದು!”

ಕಂಟ್ರಾಕ್ಟರ್ ಕುಪ್ಪುಸ್ವಾಮಿ ಎರಡೂ ಅಂಗೈ ಝಾಡಿಸಿ ‘ಮುಗೀತು’ ಎಂಬುದನ್ನು ತಮಿಳಿನಲ್ಲಿ ಹೇಳಿದ ಠೀವಿ ನೋಡಿದರೆ, ರಾಬರ್ಟ್‌ಸನ್‌ಪೇಟೆಯ ಗಡಿಯಾರದ ಗೋಪುರ ಆಗಲೇ ಬಿದ್ದು, ಅದರ ದೂಳೂ ಅಡಗಿಹೋದಂತಿತ್ತು.

ಗೋಪುರ ಮಾತ್ರ ಬಿದ್ದಿರಲಿಲ್ಲ. ಮಾರ್ಕೆಟ್ಟಿನ ನಡುವೆ, ಊರಿನ ಹೊತ್ತನ್ನೆಲ್ಲ ತಾನೊಂದೇ ಹೊತ್ತು ನಿಂತಿತ್ತು. ನಾಲ್ಕು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಅರವತ್ತೆಂಟು ಮೆಟ್ಟಿಲ ಮೇಲಿನ ಗಾಲಿಕೋಣೆಯಲ್ಲಿ ಮೂವರಿದ್ದರು. ಕಂಟ್ರಾಕ್ಟರ್ ಕುಪ್ಪುಸ್ವಾಮಿ, ಪತ್ತೇದಾರ ಕೋದಂಡಪ್ಪ, ಮತ್ತು ಗಡಿಯಾರ ನೋಡಿಕೊಳ್ಳುವ ಆಂಜಿನಪ್ಪ.

ಕೋದಂಡಪ್ಪ ಗೋಡೆಯ ಬಿರುಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಬಿರುಕಿಗೆ ಅಡ್ಡಲಾಗಿ ಎರಡು ಬೆರಳಗಲದ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಮೆತ್ತಿದ್ದರು. ಗಾಜು ಉಳಿದರೆ ಬಿರುಕು ಮಲಗಿದೆ ಎಂದರ್ಥ. ಗಾಜು ಸೀಳಿದರೆ ಗೋಡೆ ಕದಲುತ್ತಿದೆ, ಗೋಪುರಕ್ಕೆ ಆಯುಸ್ಸು ತೀರಿತು ಎಂದರ್ಥ. ಗಾಜು ಈಗ ನಾಲ್ಕು ಚೂರಾಗಿತ್ತು.

“ಆಂಜಿನಪ್ಪಾ,” ಎಂದ ಕೋದಂಡಪ್ಪ ತಿರುಗದೆಯೇ. “ಏರ್ ಬ್ಲಾಸ್ಟ್ ಆದಾಗ ಈ ಗಡಿಯಾರ ಏನು ಮಾಡ್ತದೆ?”

ಗಾಲಿಗೆ ಎಣ್ಣೆ ಬಿಡುತ್ತಿದ್ದ ಆಂಜಿನಪ್ಪ ಕೈ ನಿಲ್ಲಿಸಿದ. ಹತ್ತು ವರ್ಷದ ಹಿಂದೆ ಗಂಟಲಲ್ಲಿ ಹುಣ್ಣಾಗಿ ಅವನ ದನಿ ಹೋಗಿತ್ತು. ಉಳಿದಿದ್ದದ್ದು ಒಣ ಎಲೆ ಉಜ್ಜಿದಂಥ ಪಿಸುಮಾತು. ಪ್ರತಿ ಮಾತಿನ ಕೊನೆಗೆ ಗಲ್ಲ ಒಂದಿಷ್ಟು ಮೇಲೇಳುತ್ತಿತ್ತು, ತಾನೇ ಹೇಳಿದ್ದನ್ನು ತಾನೇ ಕೇಳಿಕೊಂಡಂತೆ.

“ನಿಂತೋಯ್ತದೆ ಸಾಮಿ.” ಗಲ್ಲ ಮೇಲೆದ್ದಿತು.

“ಸಣ್ಣ ಬ್ಲಾಸ್ಟಿಗೂ?”

“ಸಣ್ಣದಕ್ಕೂ. ಮನೇಲಿ ಪಾತ್ರೆ ಅಲುಗದಿದ್ರೂ ಇಲ್ಲಿ ತೂಗೋ ಗುಂಡು ಎಜ್ಜೆ ತಪ್ತದೆ. ನಾನು ಬಂದು ತಿರುಗಿಸಿ ಬಿಡೋವರ್ಗೂ ಉಸಿರಾಡಲ್ಲ.”

“ಗುರುವಾರ ನಿಂತಿತ್ತಾ?”

ಆಂಜಿನಪ್ಪ ಇಲ್ಲವೆಂದು ತಲೆಯಾಡಿಸಿದ.

“ಗುರುವಾರ ಮೂರೂ ಹೊಡೀತು, ನಾಲ್ಕೂ ಹೊಡೀತು, ಐದೂ ಹೊಡೀತು. ಮಾರ್ಕೆಟ್ಟಿನಲ್ಲಿ ಇನ್ನೂರು ಜನ ಕೇಳಿದ್ದಾರೆ. ನಾನೂ ಕೇಳಿದ್ದೀನಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ.” ಕೋದಂಡಪ್ಪ ಎದ್ದು ಮೊಣಕಾಲು ಒರೆಸಿಕೊಂಡ. “ಇಡೀ ಊರಲ್ಲಿ ಯಾರನ್ನೂ ಅಲುಗಿಸದ ಬ್ಲಾಸ್ಟು ನಿಮ್ಮ ಗಾಜನ್ನು ಮಾತ್ರ ಹುಡುಕಿಕೊಂಡು ಬಂತೇ ಕಂಟ್ರಾಕ್ಟರೇ? ಸಿಮೆಂಟಿನ ಮೇಲೆ ಉಳಿಯ ಏಟು ಇನ್ನೂ ಬೆಳ್ಳಗಿದೆ. ಸತ್ಯಮಾ ಸಾರ್!”

ಕೊನೆಯ ಎರಡು ಮಾತು ಕುಪ್ಪುಸ್ವಾಮಿಯದೇ ದನಿಯಲ್ಲಿ ಬಂದವು. ಅದೇ ಎಲೆಅಡಿಕೆಯ ತೊದಲು, ಅದೇ ಅರ್ಧ ಸೀನು. ಕುಪ್ಪುಸ್ವಾಮಿ ಬೆಚ್ಚಿ, ತನ್ನ ಬಾಯಿ ತನ್ನ ಹತ್ತಿರವೇ ಇದೆಯೇ ಎಂದು ಒರೆಸಿ ನೋಡಿಕೊಂಡ.

ಅದು ಕೋದಂಡಪ್ಪನ ಹಳೆಯ ಕೆಟ್ಟ ಚಾಳಿ. ಇಪ್ಪತ್ತಾರು ವರ್ಷ ಬಂಗಾರಪೇಟೆ ಸ್ಟೇಷನ್ನಿನ ಟಿಕೆಟ್ ಕಿಂಡಿಯ ಹಿಂದೆ ಕೂತವನು. ಆ ಕಿಂಡಿಯಲ್ಲಿ ಕೈ ಕಾಣುತ್ತಿತ್ತು, ಕಾಸು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒಳಕ್ಕೆ ಪೂರ್ತಿ ಬರುತ್ತಿದ್ದುದು ದನಿಯೊಂದೇ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ. ಕೋದಂಡಪ್ಪ ದನಿ ಕೂಡಿಟ್ಟಿದ್ದ. ರೈಲಿಲ್ಲದ ಹೊತ್ತಿನಲ್ಲಿ ಸಿಗ್ನಲ್‌ನವರಿಗೂ ಪೋರ್ಟರುಗಳಿಗೂ ಅವನ್ನು ಒಂದೊಂದಾಗಿ ತೆಗೆದು ತೋರಿಸುತ್ತಿದ್ದ. ನಿವೃತ್ತಿಯಾಗಿ ಇಲ್ಲಿಗೆ ಬಂದು ಮೂರು ವರ್ಷವಾದರೂ ಚಾಳಿ ನಿವೃತ್ತಿಯಾಗಿರಲಿಲ್ಲ.

“ಹೇಳಿ. ಗಂಟೆ ಹೊಡೆಯೋ ಗಡಿಯಾರ ಕೆಡವಿ ಗಂಟು ಹೊಡೆಯೋ ಯೋಚನೆ ಯಾರದು?”

ಕುಪ್ಪುಸ್ವಾಮಿ ಮೆಟ್ಟಿಲ ಕಡೆ ನೋಡಿದ. ಆಮೇಲೆ ದನಿ ಇಳಿಸಿದ.

“ಸಾರ್, ನಾನು ಕಲ್ಲಿಗೆ ಆಸೆ ಪಟ್ಟೋನು. ಒಳ್ಳೆ ಕಲ್ಲು, ಒಳ್ಳೆ ತೇಗದ ತೊಲೆ. ನಾನೇ ಒಡೆದೆ ಅಂತ ವೆಚ್ಚುಕ್ಕೋಂಗೊ, ಇಟ್ಕೊಳ್ಳಿ. ಆದ್ರೆ ಒಡೆ ಅಂದೋರು ಬೇರೆ. ಅವರಿಗೆ ಕಲ್ಲು ಬೇಡ, ತೊಲೆ ಬೇಡ. ಒಂದೇ ಒಂದು ಕಂಡೀಷನ್ ಹಾಕಿದ್ರು.”

“ಏನು?”

“ಈ ರೂಮಿನ ಗಾರೆ ಇದೆ ನೋಡಿ, ಗೋಡೆ ಮೇಲಿನ ಗಾರೆ, ಅದನ್ನ ಮಾತ್ರ ಮೊದಲ ದಿನವೇ ಕೊಚ್ಚಿ, ಹಿಟ್ಟು ಮಾಡಿ, ಕೆರೆಗೆ ಹಾಕ್ಬೇಕು ಅಂತ. ಗಾರೆ ಯಾರಿಗೆ ಸಾರ್ ಬೇಕು? ಪೈತ್ಯಂ, ಹುಚ್ಚು!”

“ಯಾರವರು?”

“ಎನ್ನ ಕೇಳ್ಬೇಡಿ. ನನಗೂ ಹೆಂಡತಿ ಮಕ್ಕಳಿದಾರೆ.” ಎರಡು ಮೆಟ್ಟಿಲು ಇಳಿದು ತಿರುಗಿ ಹೇಳಿದ: “ನೀವು ಕಮಿಟಿಗೆ ಏನಾದ್ರೂ ಹೇಳೋದಿದ್ರೆ ನಾಳೆ ಹೇಳಿ. ನಾಳಿದ್ದು ಆರಕ್ಕೆ ನನ್ನ ಆಳು ಬತ್ತಾರೆ.”

ಅವನ ಚಪ್ಪಲಿಯ ಸದ್ದು ಇಳಿಯುತ್ತಾ ಹೋಯಿತು.

ಗಾರೆ.

ಕೋದಂಡಪ್ಪ ಮೊದಲ ಸಲ ಬಿರುಕನ್ನು ಬಿಟ್ಟು ಗೋಡೆಯನ್ನು ನೋಡಿದ. ನೆಲದಿಂದ ಆಳೆತ್ತರದವರೆಗೆ ಕೆಮ್ಮಣ್ಣಿನಲ್ಲಿ ಬರೆದ ಸಾಲುಗಳು. ಇಷ್ಟು ದಿನ ಅವನ್ನು ಎಣ್ಣೆ ಬಿಟ್ಟ ದಿನದ ಲೆಕ್ಕವೆಂದುಕೊಂಡಿದ್ದ.

“ಇವೇನು ಆಂಜಿನಪ್ಪಾ?”

“ನಿಂತಿದ್ದು ಸಾಮಿ. ಗಡಿಯಾರ ನಿಂತಾಗೆಲ್ಲ, ತಿರುಗಿಸೋಕೆ ಮುಂಚೆ, ಎಲ್ಲಿ ನಿಂತದೆ ಅಂತ ಬರೀಬೇಕು. ತಾರೀಕು, ಒತ್ತು. ನನಗಿಂತ ಮುಂಚೆ ಇದ್ದ ಮುದುಕಪ್ಪ ಆಕಿದ ಪದ್ಧತಿ. ಮೂವತ್ತು ವರ್ಸದ್ದು ಐತೆ.”

ಕೋದಂಡಪ್ಪನ ಎದೆ ಹಗುರವಾಯಿತು. ಗಣಿಯ ಹೊಟ್ಟೆಯಲ್ಲಿ ಬಂಡೆ ಸಿಡಿದಾಗೆಲ್ಲ ಈ ಗೋಡೆ ಬರೆದುಕೊಂಡಿದೆ. ಗುರುವಾರದ ಸಾಲು ಇಲ್ಲಿಲ್ಲ. ಇದನ್ನು ನಕಲು ಮಾಡಿ ನಾಳೆ ಕಮಿಟಿಯ ಮುಂದೆ ಇಟ್ಟರೆ ಕುಪ್ಪುಸ್ವಾಮಿಯ ಬ್ಲಾಸ್ಟು ಠುಸ್ಸೆನ್ನುತ್ತದೆ. ಗೋಪುರ ಉಳಿಯುತ್ತದೆ. ಮುನಿನಾರಾಯಣಮ್ಮನ ಜಾಗವೂ ಉಳಿಯುತ್ತದೆ.

ಈ ಕೆಲಸ ಅವನಿಗೆ ಒಪ್ಪಿಸಿದ್ದೇ ಆಕೆ. ಕ್ಯಾಸಂಬಳ್ಳಿಯವಳು, ಗೋಪುರದ ಬುಡದಲ್ಲಿ ಗೋಣಿತಾಟು ಹಾಸಿ ಸೊಪ್ಪು ಮಾರುವವಳು. ಫೀಸು ದಿನಕ್ಕೊಂದು ಕಟ್ಟು ದಂಟಿನ ಸೊಪ್ಪು. ಹನ್ನೆರಡು ವರ್ಷದ ಹಿಂದೆ ಆಕೆಯ ಗಂಡ ಯರ್ರಪ್ಪ ಗಣಿಗೆ ಹೊರಟಾಗ, ಸಂಜೆ ಐದಕ್ಕೆ ಗಡಿಯಾರದ ಕೆಳಗೆ ಇರು, ಬತ್ತೀನಿ ಅಂದಿದ್ದ. ಬರಲಿಲ್ಲ. ಆಕೆ ಅಂದಿನಿಂದ ಅಲ್ಲೇ ಇದ್ದಾಳೆ. ಗೋಪುರ ಬಿದ್ದರೆ ಆಯಪ್ಪ ನನ್ನ ಎಲ್ಲಿ ಅಂತ ಉಡುಕ್ತಾನೆ ಸಾಮಿ? ಆಕೆಯ ಅಹವಾಲು ಇಷ್ಟೇ.

ಕೋದಂಡಪ್ಪ ನೋಟ್‌ಬುಕ್ ತೆಗೆದು ಒಂದೊಂದೇ ಸಾಲು ಇಳಿಸಿಕೊಳ್ಳತೊಡಗಿದ. ಮೂವತ್ತನೇ ಇಸವಿ. ಇಪ್ಪತ್ತೇಳು. ಇಪ್ಪತ್ತೈದು. ಸೀಸದ ಕಡ್ಡಿ ಒಂದು ಸಾಲಿನ ಮೇಲೆ ನಿಂತಿತು.

೯-೧೦-೧೯೨೪. ಗುರುವಾರ. ೩-೧೨.

ಗಡಿಯಾರದ ಮುಳ್ಳು ಚುಚ್ಚುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಚುಚ್ಚಿತು.

ಆ ತಾರೀಕನ್ನು ಅವನು ಮರೆತವನಲ್ಲ. ಅಂದು ಸಂಜೆ ಆರೂವರೆಗೆ ಕಿಂಡಿಯೊಳಗೆ ಒಂದು ಕೈ ಬಂದಿತ್ತು. ಕಂಬಳಿಯ ಅಂಚು, ಒಂದು ಹಿಡಿ ಚಿಲ್ಲರೆ, ಚಿಲ್ಲರೆಯ ನಡುವೆ ಗಣಿಯಾಳಿನ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ. “ಇದು ಇಲ್ಲಿ ಚಲಾವಣೆ ಇಲ್ಲಪ್ಪಾ ನಾನೂರ ಹದಿನೇಳು,” ಎಂದು ನಗುತ್ತಾ ಬಿಲ್ಲೆಯನ್ನು ಹಿಂದಕ್ಕೆ ತಳ್ಳಿ, ಮದ್ರಾಸಿಗೆ ಒಂದು ಟಿಕೆಟ್ ಕೊಟ್ಟಿದ್ದ.

ವಾರದ ಮೇಲೆ ವಿಚಾರಣೆ. ನಾನೂರ ಹದಿನೇಳನೇ ನಂಬರಿನ ಯರ್ರಪ್ಪ ಮಧ್ಯಾಹ್ನವೇ ಗಣಿಯಿಂದ ಮೇಲೆ ಬಂದು ಊರು ಬಿಟ್ಟಿದ್ದಾನೆ, ಆ ದಿನ ಯಾವ ಬ್ಲಾಸ್ಟೂ ಆಗಿಲ್ಲ, ಯಾರೂ ಸತ್ತಿಲ್ಲ ಎಂದು ಶಾಫ್ಟಿನ ಮೇಸ್ತ್ರಿ ಹೇಳಿದ. ಸಾಕ್ಷಿ ಯಾರು? ಟಿಕೆಟ್ ಗುಮಾಸ್ತ ಕೋದಂಡಪ್ಪ.

“ನೀವೇ ನೋಡಿದ್ರಾ ಸಾಮಿ?” ಎಂದು ಕಿಂಡಿಯ ಹೊರಗಿನಿಂದ ಒಂದು ಹೆಣ್ಣು ದನಿ ಕೇಳಿತ್ತು.

“ನಾನೇ ನೋಡಿದೆನಮ್ಮಾ. ನಾನೂರ ಹದಿನೇಳು ಮದ್ರಾಸ್ ಮೇಲ್ ಗಾಡಿಗೆ ಹೋದ.”

ನೋಡಿದ್ದು ನಂಬರನ್ನು. ಮುಖವನ್ನಲ್ಲ. ಗಣಿಯೂರಿನಲ್ಲಿ ಇದ್ದು ಇದ್ದು ಎಲ್ಲರಿಗೂ ಅಂಟಿದ ರೋಗ ಅದು. ಆಳು ಅಂದರೆ ಬಿಲ್ಲೆ, ಬಿಲ್ಲೆ ಅಂದರೆ ಆಳು.

“ಆಂಜಿನಪ್ಪಾ, ನೀನು ಹಿಂದೆ ಬಿಲ್ಲೆಮನೆಯಲ್ಲಿ ಇದ್ದೆಯಲ್ಲ. ಬಿಲ್ಲೆ ಹೇಗೆ ನಡೀತದೆ ಹೇಳು.”

ಎಣ್ಣೆಯ ಹನಿಯೊಂದು ಗಾಲಿಯ ಬದಲು ನೆಲಕ್ಕೆ ಬಿತ್ತು.

“ಕೆಳಕ್ಕೆ ಇಳಿಯೋನು ಬಿಲ್ಲೆ ಕೊಟ್ಟು ಇಳೀತಾನೆ. ನಾವು ಅದನ್ನ ಮೊಳೆಗೆ ನೇತಾಕ್ತೀವಿ. ಮೇಲೆ ಬಂದೋನು ಈಸ್ಕೊಂಡು ಓಯ್ತಾನೆ.”

“ಮೊಳೆ ಮೇಲೆ ಬಿಲ್ಲೆ ಇದ್ದರೆ?”

“ಆಳು ಕೆಳಗೆ.”

“ಇಲ್ಲದಿದ್ದರೆ?”

“ಮೇಲೆ.”

“ಆಳು ಕೆಳಗೇ ಇದ್ದಾಗ ಬಿಲ್ಲೆಯನ್ನ ಬೇರೆ ಯಾರಾದರೂ ಮೊಳೆಯಿಂದ ತೆಗೆದರೆ?”

ಆಂಜಿನಪ್ಪ ಬಗ್ಗಿ, ನೆಲದ ಮೇಲಿನ ಎಣ್ಣೆಯ ಹನಿಯನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು.

“ಅಬ್ಬಬ್ಬಾ, ಏನ್ ಮೆಟ್ಲೋ, ತಿರುಪತಿ ಬೆಟ್ಟ ಅತ್ತಿದಂಗಾಯ್ತು!” ಮುನಿನಾರಾಯಣಮ್ಮ ಏದುಸಿರು ಬಿಡುತ್ತಾ ಮೇಲೆ ಬಂದಳು. ಕೈಯಲ್ಲಿ ದಂಟಿನ ಸೊಪ್ಪಿನ ಕಟ್ಟು, ಹಣೆಯಲ್ಲಿ ಕಾಸಗಲ ಕುಂಕುಮ. “ತಗೊಳ್ಳಿ ಸಾಮಿ ನಿಮ್ ಪೀಸು. ಇವತ್ತು ಎಳೇದೈತೆ. ಆ ತಮಿಳಪ್ಪ ಮುಖ ಉಪ್ಪಿನಕಾಯಿ ಮಾಡ್ಕಂಡು ಇಳ್ದೋದ, ಅದಕ್ಕೇ ಗೆದ್ರು ಅಂದ್ಕಂಡೆ. ಗೆದ್ರಾ?”

ಕೋದಂಡಪ್ಪ ಸೊಪ್ಪು ಇಸಿದುಕೊಂಡ. ಬಾಯಿಗೆ ಯಾರ ದನಿಯೂ ಬರಲಿಲ್ಲ, ತನ್ನದೂ.

ಈ ಗೋಡೆ ತೋರಿಸಿದರೆ ಗೋಪುರ ಉಳಿಯುತ್ತದೆ. ಆದರೆ ಇದೇ ಗೋಡೆ ಈಕೆಗೆ ಹೇಳುವುದೇನು? ಮೂರು ಹನ್ನೆರಡಕ್ಕೆ ಗಣಿಯಲ್ಲಿ ಬಂಡೆ ಸಿಡಿದಿತ್ತು, ನಿನ್ನ ಗಂಡ ಕೆಳಗಿದ್ದ, ಇನ್ನು ಯಾರಿಗಾಗಿ ಕೂತಿದ್ದೀ ಎಂದಲ್ಲವೇ? ಕಾಯುವ ಜಾಗ ಉಳಿಸಿಕೊಟ್ಟು ಕಾಯುವುದನ್ನೇ ಕಿತ್ತುಕೊಂಡ ಹಾಗೆ.

“ಕೂತುಕೊಳ್ಳಿ ಅಮ್ಮಾ. ನಿಮಗೊಂದು ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಬಂಗಾರಪೇಟೆಯಲ್ಲಿ…”

“ಕಿಂಡಿ ಒಳಗೆ ಇದ್ದೋರು ನೀವೇ ಅಂತ ಗೊತ್ತು ಸಾಮಿ.”

ಕೋದಂಡಪ್ಪ ನೋಟ್‌ಬುಕ್ ಮಡಚಿದ.

“ಮೂರು ವರ್ಸದಿಂದ ಗೊತ್ತು. ಮೊದಲ್ನೇ ದಿನ ಬಂದು, ಮೆಂತ್ಯ ಎಂಗಮ್ಮ ಅಂದ್ರಲ್ಲ, ಅವತ್ತೇ ದನಿ ಗುರ್ತು ಸಿಕ್ತು. ಊರಲ್ಲಿ ಬೇರೆ ಜನ ಇರ್ಲಿಲ್ವಾ, ಈ ಕೆಲ್ಸಕ್ಕೆ ನಿಮ್ಮನ್ನೇ ಯಾಕೆ ಇಡಿದೆ?” ಆಕೆ ಸೆರಗಿನಿಂದ ಕತ್ತು ಒರೆಸಿಕೊಂಡಳು. “ನಮ್ಮೋರನ್ನ ಕೊನೇಗೆ ನೋಡಿದ ಕಣ್ಣು ನಿಮ್ದು. ದಿನಾ ಒಂದು ಸಲ ನೋಡ್ತಿರಾನಾ ಅಂತ.”

ತಪ್ಪೊಪ್ಪಿಗೆಗೆ ಕೋದಂಡಪ್ಪನ ಹತ್ತಿರ ಇದ್ದದ್ದು ಒಂದೇ ದಾರಿ.

“ನಾನು ನೋಡಲಿಲ್ಲ ಅಮ್ಮಾ. ಬಿಲ್ಲೆ ನೋಡಿದೆ. ಮುಖ ನೋಡಲಿಲ್ಲ. ಆದರೆ ದನಿ ಕೇಳಿದೆ. ಅದು ನನ್ನ ಹತ್ತಿರ ಇನ್ನೂ ಇದೆ.” ಆ ದನಿಯನ್ನು ಅವನು ಸ್ಟೇಷನ್ನಿನಲ್ಲಿ ಎಷ್ಟು ಸಲ ಆಡಿ ತೋರಿಸಿ ಎಲ್ಲರನ್ನೂ ನಗಿಸಿದ್ದ! “ಅದು ಯರ್ರಪ್ಪನದೋ ಅಲ್ಲವೋ, ನೀವೇ ಹೇಳಬೇಕು.”

ಆಕೆ ನೆಟ್ಟಗೆ ಕೂತಳು. ಕುಂಕುಮ ಸರಿಮಾಡಿಕೊಂಡಳು, ಯಾರೋ ಬಾಗಿಲಿಗೆ ಬಂದಂತೆ.

ಕೋದಂಡಪ್ಪ ಕಣ್ಣು ಮುಚ್ಚಿದ. ಎದೆ ತುಂಬ ಉಸಿರು ತೆಗೆದುಕೊಂಡ. ದನಿ ಹೊರಬಂತು. ಬಾವಿಯ ತಳದಿಂದ ಎದ್ದಂಥ, ಕಂಚಿನಂಥ ದಪ್ಪ ದನಿ, ತನ್ನ ದಪ್ಪಕ್ಕೆ ತಾನೇ ಹೆದರಿ ಅಡಗಿಕೊಳ್ಳಲು ನೋಡುವಂಥದ್ದು.

“ಸಾಮೀ, ಒಂದು ಮದ್ರಾಸು, ಆಂ? ಓಗೋಕೆ ಮಾತ್ರ, ಆಂ? ಬರೋಕೆ ಬ್ಯಾಡ, ಆಂ?”

ಗಾಲಿಗಳು ಕಟಕಟ ಎನ್ನುತ್ತಿದ್ದವು.

ಕಣ್ಣು ತೆರೆದಾಗ ಮುನಿನಾರಾಯಣಮ್ಮನ ಮುಖದಲ್ಲಿ ಅಳು ಇರಲಿಲ್ಲ. ಆಕೆ ಅವನನ್ನು ನೋಡುತ್ತಲೂ ಇರಲಿಲ್ಲ.

“ನಮ್ಮೋರ ದನಿ ಇಂಗಿರ್ಲಿಲ್ಲ,” ಎಂದಳು ಮೆಲ್ಲಗೆ. “ನಮ್ಮೋರು ಮಾತಾಡಿದ್ರೆ ಪಕ್ಕದ ಮನೇಗೂ ಕೇಳ್ಸದಷ್ಟು ಸಣ್ಣ ದನಿ.”

“ಹಾಗಾದರೆ…”

“ಆದ್ರೆ ಈ ದನಿ ನಾನು ಕೇಳಿವ್ನಿ. ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬತ್ತಿತ್ತು. ಶಿಪ್ಟಿಗೆ ಒತ್ತಾಯ್ತು ಬಾರ್ಲಾ, ಆಂ? ಅಂತ ಕೂಗ್ತಿತ್ತು. ಇಡೀ ಕೇರಿ ಎದ್ಬುಡೋದು.” ಆಕೆಯ ಕಣ್ಣು ಗಾಲಿಗಳ ಆಚೆಗೆ ನೆಟ್ಟಿತ್ತು. “ಆ ದನಿ ಓದ್ಮೇಲೆ ನಾನೆಷ್ಟು ಮರುಗಿದ್ದೆ. ಪಾಪ, ಎಂಥಾ ಗಂಟ್ಲು ಇತ್ತಲ್ಲ ಅಂತ. ಅಲ್ವಾ ಆಂಜಿನಣ್ಣ?”

ಕೋದಂಡಪ್ಪ ತಿರುಗಿದ. ಆಂಜಿನಪ್ಪನ ಗಲ್ಲ ಮೇಲೆದ್ದಿತ್ತು. ಈ ಸಲ ಕೆಳಗೆ ಇಳಿಯಲಿಲ್ಲ.

ಮೂರು ವರ್ಷದಿಂದ ಕಣ್ಣೆದುರೇ ಇತ್ತು. ದನಿ ಸತ್ತಿತ್ತು, ಆದರೆ ಆ ‘ಆಂ?’ ಮಾತ್ರ ಗಲ್ಲಕ್ಕೆ ಏರಿ ಬದುಕಿಕೊಂಡಿತ್ತು. ದನಿ ಕೂಡಿಡುವವನಿಗೆ ಅದು ಕಾಣಲಿಲ್ಲ.

“ನೀನೇ ಮೊಳೆಯಿಂದ ಬಿಲ್ಲೆ ತೆಗೆದವನು,” ಎಂದ ಕೋದಂಡಪ್ಪ. “ಆದರೆ ಈ ಗೋಪುರ ಉಳಿಸಿ ಅಂತ ಕಮಿಟಿಯವರ ಕಾಲು ಹಿಡಿದವನೂ ನೀನೇ. ಒಂದು ಬೊಗಸೆ ಸುಣ್ಣ ಬಳಿದಿದ್ದರೆ ಆ ಸಾಲು ಹೋಗುತ್ತಿತ್ತು. ನೀನು ಇಲ್ಲಿಗೆ ಬಂದು ಹನ್ನೊಂದು ವರ್ಷ, ಯಾಕೆ ಬಳಿಯಲಿಲ್ಲ?”

ಆಂಜಿನಪ್ಪ ಎಣ್ಣೆಯ ಡಬ್ಬಿಯೊಳಗೆ ಕೈ ಬಿಟ್ಟ. ತಳದಿಂದ ಏನನ್ನೋ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಹನ್ನೊಂದು ವರ್ಷ ಎಣ್ಣೆಯಲ್ಲಿದ್ದ ಹಿತ್ತಾಳೆ, ಇಂದು ಬೆಳಿಗ್ಗೆ ಅಚ್ಚಾದಂತೆ ಫಳಫಳಿಸಿತು. ನಾನೂರ ಹದಿನೇಳು. ಅದನ್ನು ಮುನಿನಾರಾಯಣಮ್ಮನ ಅಂಗೈಯಲ್ಲಿಟ್ಟ.

“ಇದೊಂದು ಜಾಗದಲ್ಲಾದ್ರೂ ಸತ್ಯ ಇರ್ಲಿ ಅಂತ ಸಾಮಿ,” ಎಂದಿತು ಪಿಸುಮಾತು. “ಬಿಲ್ಲೆ ತೆಗ್ದಿದ್ದು ನಾನೇ. ಟಿಕೀಟು ತಗೊಂಡಿದ್ದೂ ನಾನೇ. ಆದ್ರೆ ಆ ರೈಲು ಅತ್ತಿದ್ದು ನಾನಲ್ಲ.”

“ಮತ್ತೆ ಯಾರು?”

ಆಂಜಿನಪ್ಪ ಮುನಿನಾರಾಯಣಮ್ಮನ ಕಡೆಗೆ ಬಗ್ಗಿ ತುಟಿ ತೆರೆದ. ಅದೇ ಗಳಿಗೆಗೆ ತಲೆಯ ಮೇಲೆ ಸರಪಳಿ ಕರಕರ ಎಂದಿತು, ಸುತ್ತಿಗೆ ಮೇಲೆದ್ದಿತು.

ಢಣ್.

ಗೋಡೆ ನಡುಗಿತು. ಪಿಸುಮಾತು ಎಲ್ಲೋ ಕೊಚ್ಚಿಹೋಯಿತು. ಆಂಜಿನಪ್ಪನ ತುಟಿಗಳು ಆಕೆಯ ಕಿವಿಯ ಹತ್ತಿರ ಆಡುತ್ತಿದ್ದುದಷ್ಟೇ ಕಾಣುತ್ತಿತ್ತು. ಎರಡು. ಮೂರು. ಹತ್ತು ಸಾವಿರ ದನಿ ಕೂಡಿಟ್ಟ ಕೋದಂಡಪ್ಪ, ಈಗ ಬೇಕಾದ ಒಂದೇ ಒಂದು ದನಿಗಾಗಿ ಮುಂದಕ್ಕೆ ಬಾಗಿದ. ನಾಲ್ಕು. ಏನೂ ಕೇಳಲಿಲ್ಲ. ಐದು.

ಸದ್ದು ಅಡಗುವ ಹೊತ್ತಿಗೆ ಆಂಜಿನಪ್ಪನ ಬಾಯಿ ಮುಚ್ಚಿತ್ತು.

ಮುನಿನಾರಾಯಣಮ್ಮ ಬಿಲ್ಲೆಯನ್ನು ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿಕೊಂಡಳು.

“ಯಾರು ಅಂದ ಅಮ್ಮಾ? ಯಾರ ಹೆಸರು ಹೇಳಿದ?”

ಆಕೆ ಆಗಲೇ ಮೆಟ್ಟಿಲ ಬಾಯಲ್ಲಿದ್ದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಐದು ಹೊಡೆದಾಗ ಆಕೆ ಗಡಿಯಾರದ ಕೆಳಗೆ ಇರಲಿಲ್ಲ.

“ಐದಾಗೋಯ್ತು ಸಾಮಿ,” ಎಂದಳು ತಿರುಗಿ ನೋಡದೆ. “ನಾನು ಕೆಳಗಿರ್ಬೇಕು.”

ಹತ್ತುವಾಗ ಏದುಸಿರು ಬಿಟ್ಟವಳು, ಇಳಿಯುವಾಗ ಎರಡೆರಡು ಮೆಟ್ಟಿಲು ಹಾರಿ ಓಡುತ್ತಿದ್ದಳು.